ಡಬ್ಬಿಯ ಮೇಲೆ ಎಚ್, ಮನಸ್ಸಿನಲ್ಲಿ ಜೆ

ಧಾರವಾಡದ ಓದುಗರೊಬ್ಬರ ಪ್ರಶ್ನೆ: "ಎರಡನೆಯ ಮಹಾಯುದ್ಧದ ಜರ್ಮನ್ ಪ್ಯಾಂಜರ್ 4 ಟ್ಯಾಂಕಿನ ಎಚ್ ಆವೃತ್ತಿಯ 1/35 ಅಳತೆಯ ಪ್ಲಾಸ್ಟಿಕ್ ಮಾದರಿ ಕಿಟ್ ನನ್ನಲ್ಲಿದೆ. ಹೊರದೇಶದಲ್ಲಿರುವ ಭಾವ ಮೂರು ವರ್ಷದ ಹಿಂದೆ ತಂದುಕೊಟ್ಟದ್ದು. ನನಗೆ ಬೇಕಾಗಿರುವುದು 1944ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಆರ್ಡೆನ್ ಕದನದಲ್ಲಿದ್ದ ಜೆ ಆವೃತ್ತಿ. ಒಡಲಿನ ಕೆಳಭಾಗವನ್ನು ಜೋಡಿಸಿದ್ದೇನೆ. ಆತುರದಲ್ಲಿ ಹಿಂಬದಿಯ ಎರಡೂ ಸೈಲೆನ್ಸರ್‌ಗಳನ್ನು ಅಂಟಿಸಿಬಿಟ್ಟಿದ್ದೇನೆ. ಎಚ್, ಜೆ ಎರಡೂ ಒಂದೇ, ಸಣ್ಣ ಸೈಲೆನ್ಸರ್ ಕಿತ್ತರೆ ಸಾಕು ಎನ್ನುತ್ತಾರೆ ಒಬ್ಬ ಸ್ನೇಹಿತರು. ಇನ್ನೊಬ್ಬರು, ಮೂರೇ ರೋಲರ್, ಪಕ್ಕಕ್ಕೆ ಬಲೆ, ನಿಂತ ಸೈಲೆನ್ಸರ್, ಇದೆಲ್ಲ ನಿಮ್ಮಿಂದ ಆಗದು, ಬೇರೆ ಕಿಟ್ ಕೊಳ್ಳಿ ಎನ್ನುತ್ತಾರೆ. ಯಾರ ಮಾತು ಕೇಳಲಿ? ಒಂದು ಭಾಗ ತಪ್ಪಾದರೆ ಇಡೀ ಟ್ಯಾಂಕೇ ಸುಳ್ಳಾಗುತ್ತದೆಯೇ? ಹಣ ದಂಡವಾಗುವ ಭಯವೂ ಇದೆ."

ನಿಮ್ಮ ಇಬ್ಬರು ಸ್ನೇಹಿತರೂ ಸುಳ್ಳು ಹೇಳಿಲ್ಲ. ಒಬ್ಬೊಬ್ಬರು ಒಂದೊಂದು ತಿಂಗಳ ಟ್ಯಾಂಕನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಿದ್ದಾರೆ, ಅಷ್ಟೇ. ಮೊದಲನೆಯವರ ಮಾತು 1944ರ ಮಾರ್ಚಿನಲ್ಲಿ ಕಾರ್ಖಾನೆಯಿಂದ ಹೊರಬಿದ್ದ ಜೆಗೆ ಹೆಚ್ಚುಕಡಿಮೆ ಒಪ್ಪುತ್ತದೆ. ಎರಡನೆಯವರದು 1945ರ ಆರಂಭದ ಜೆಗೆ ಒಪ್ಪುತ್ತದೆ. ನಿಮಗೆ ಬೇಕಾದ ಟ್ಯಾಂಕು ಇವೆರಡರ ನಡುವೆ ಎಲ್ಲೋ ಇದೆ. ಅದು ಎಲ್ಲಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳೋಣ. ಬ್ಲೇಡ್ ಕೈಗೆತ್ತಿಕೊಳ್ಳುವುದು ಆಮೇಲೆ.

ನಾನು ಮೂವತ್ತು ವರ್ಷ ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದವನು. ಅಲ್ಲಿ ಕಂಡ ಒಂದು ಸಂಗತಿ ಈ ಹವ್ಯಾಸದಲ್ಲಿ ನನಗೆ ಪುಸ್ತಕಗಳಿಗಿಂತ ಹೆಚ್ಚು ನೆರವಾಗಿದೆ. ಡ್ರಾಯಿಂಗ್ ಆಫೀಸಿನಿಂದ ತಿದ್ದುಪಡಿಯ ಕಾಗದ ಇಳಿದು ಬಂದ ದಿನ ಕೆಳಗೆ ಏನೂ ಬದಲಾಗುವುದಿಲ್ಲ. ಫೋರ್‌ಮನ್ ಅದಕ್ಕೊಂದು ಸಹಿ ಹಾಕಿ ಮೊಳೆಗೆ ಸಿಕ್ಕಿಸುತ್ತಾನೆ. ಸ್ಟೋರಿನಲ್ಲಿ ಹಳೆಯ ನಮೂನೆಯ ಬ್ರಾಕೆಟ್‌ಗಳು ಇನ್ನೂರೋ ಮುನ್ನೂರೋ ಬಿದ್ದಿದ್ದರೆ ಮೊದಲು ಅವು ಖರ್ಚಾಗಬೇಕು. ಈ ನಡುವೆ ಹೊಸ ಬ್ರಾಕೆಟ್‌ನ ಮೊದಲ ಕಂತು ಬಂದು, ಯಾರೋ ಅದನ್ನು ಮುಂದಿನ ರ್‍ಯಾಕಿನಲ್ಲಿಟ್ಟು, ನಾಲ್ಕು ದಿನ ಹೊಸದು, ಮತ್ತೆ ಒಂದು ವಾರ ಹಳೆಯದು ಹೀಗೆ ಹೋಗುವುದೂ ಉಂಟು. ಶಾಂತಿಕಾಲದಲ್ಲೇ ಹೀಗೆ. ತಲೆಯ ಮೇಲೆ ಬಾಂಬ್ ಬೀಳುವಾಗ, ಉಕ್ಕು ಇವತ್ತು ಇದ್ದು ನಾಳೆ ಇಲ್ಲದಿರುವಾಗ, ಸೈನ್ಯ ದಿನವೂ ಟ್ಯಾಂಕು ಕೇಳುವಾಗ ಹೇಗಿದ್ದೀತು ನೀವೇ ಊಹಿಸಿ.

ಜರ್ಮನರು ಔಸ್‌ಫ್ಯೂರುಂಗ್ ಎಂದು ಕರೆದ ಈ ಆವೃತ್ತಿಗಳ ಅಕ್ಷರಗಳು ಕಚೇರಿಯವರ ಲೆಕ್ಕಕ್ಕೆ ಸೇರಿದವು. ನಿಗದಿಯಾದ ಷಾಸಿ ಸಂಖ್ಯೆಯಿಂದ ಮುಂದಿನದೆಲ್ಲ ಜೆ ಎಂದು ಕಡತದಲ್ಲಿ ಬರೆದರೆ ಅದು ಜೆ ಆಯಿತು. ಅದಕ್ಕೆ ಹೊಂದಿಸಿದ ಉಕ್ಕಿನ ತುಂಡುಗಳು ಆ ಗೆರೆಯ ಎರಡೂ ಕಡೆ ಚೆಲ್ಲಿಕೊಂಡಿರುತ್ತವೆ. ಎಚ್ ಎಷ್ಟು ತಯಾರಾಯಿತು, ಜೆ ಎಷ್ಟು ಎಂಬ ವಿಷಯದಲ್ಲಿ ಹಳೆಯ ಪುಸ್ತಕಗಳ ಅಂಕಿಗೂ ಈಚಿನವುಗಳ ಅಂಕಿಗೂ ತಾಳೆಯಾಗದಿರುವುದಕ್ಕೆ ಇದೇ ಕಾರಣ. ಒಟ್ಟು ಪ್ಯಾಂಜರ್ 4 ಸುಮಾರು 8,500 ಎಂಬಲ್ಲಿ ಜಗಳವಿಲ್ಲ. ಗೆರೆ ಎಲ್ಲಿ ಎಳೆಯುವುದು ಎಂಬಲ್ಲಿ ಜಗಳ.

ಈಗ ಕಾರ್ಖಾನೆಗಳ ವಿಷಯಕ್ಕೆ ಬರುತ್ತೇನೆ. ಇದು ನಿಮಗೆ ಅನುಕೂಲವಾದ ಸುದ್ದಿ. 1943ರಲ್ಲಿ ಎಚ್ ಅನ್ನು ಮೂರು ಕಡೆ ಜೋಡಿಸುತ್ತಿದ್ದರು: ಮಾಗ್ಡೆಬುರ್ಗ್‌ನ ಕ್ರುಪ್ ಗ್ರೂಸನ್‌ವೆರ್ಕ್, ಪ್ಲೌಎನ್‌ನ ಫೋಮಾಗ್, ಆಸ್ಟ್ರಿಯದ ಸಾಂಕ್ಟ್ ವ್ಯಾಲೆಂಟಿನ್‌ನಲ್ಲಿದ್ದ ನೀಬೆಲುಂಗೆನ್‌ವೆರ್ಕ್. ಆ ವರ್ಷದ ನವೆಂಬರಿನಲ್ಲಿ ಬರ್ಲಿನ್‌ನ ಆಲ್ಕೆಟ್ ಕಾರ್ಖಾನೆಗೆ ಬಾಂಬ್ ಬಿದ್ದು ಸ್ಟುಗ್ 3 ಎಂಬ, ತಿರುಗುವ ಗೋಪುರವಿಲ್ಲದ ಫಿರಂಗಿ ವಾಹನದ ತಯಾರಿಕೆ ಕುಸಿಯಿತು. ಅದನ್ನು ತುಂಬಿಕೊಡಲು ಕ್ರುಪ್‌ನವರು ಪ್ಯಾಂಜರ್ 4ರ ಷಾಸಿಯ ಮೇಲೆ ಸ್ಟುಗ್ 4 ಕಟ್ಟಲು ಹೊರಟರು. 1944ರಲ್ಲಿ ಫೋಮಾಗ್ ಕೂಡ ಯಾಗ್ಡ್‌ಪ್ಯಾಂಜರ್ 4 ಎಂಬ ಟ್ಯಾಂಕ್ ಬೇಟೆಯ ವಾಹನದ ಕಡೆಗೆ ಹೊರಳಿತು. ಹೀಗೆ 1944ರ ಶರತ್ಕಾಲದ ಹೊತ್ತಿಗೆ ಜೆ ತಯಾರಾಗುತ್ತಿದ್ದುದು ನೀಬೆಲುಂಗೆನ್‌ವೆರ್ಕ್ ಒಂದರಲ್ಲೇ. ಮೂರು ಕಾರ್ಖಾನೆಗಳ ಮೂರು ಪದ್ಧತಿಗಳ ಗೋಜಲು ನಿಮಗಿಲ್ಲ.

ಆರ್ಡೆನ್ ದಾಳಿ ಆರಂಭವಾದದ್ದು 1944ರ ಡಿಸೆಂಬರ್ 16ರಂದು. ಟ್ಯಾಂಕು ಆಸ್ಟ್ರಿಯದಲ್ಲಿ ತಯಾರಾಗಿ, ತಪಾಸಣೆ ಮುಗಿಸಿ, ರೈಲು ಹತ್ತಿ, ದಳಕ್ಕೆ ಸೇರಿ, ಸಿಬ್ಬಂದಿ ಅದಕ್ಕೆ ಒಗ್ಗಿಕೊಳ್ಳಲು ವಾರಗಳೇ ಬೇಕು. ಹಾಗಾಗಿ ನಿಮ್ಮ ಟ್ಯಾಂಕು ಸೆಪ್ಟೆಂಬರಿನಿಂದ ನವೆಂಬರಿನ ನಡುವೆ ತಯಾರಾದದ್ದು ಎಂದಿಟ್ಟುಕೊಳ್ಳಿ. ಈ ಒಂದು ತೀರ್ಮಾನದಿಂದ ನಿಮ್ಮ ಕೆಲಸದ ಪಟ್ಟಿ ಅರ್ಧಕ್ಕಿಳಿಯುತ್ತದೆ.

ಮೊದಲು ಹೋಗುವುದು ಆ ಮೂರು ರೋಲರ್‌ಗಳ ಭಯ. ಟ್ರ್ಯಾಕಿನ ಮೇಲ್ಭಾಗವನ್ನು ಹೊರುವ ಸಣ್ಣ ಉರುಳೆಗಳು ಪ್ಯಾಂಜರ್ 4ರಲ್ಲಿ ಪ್ರತಿ ಬದಿಗೆ ನಾಲ್ಕು. ಅವನ್ನು ಮೂರಕ್ಕೆ ಇಳಿಸಿದ್ದು 1944ರ ಡಿಸೆಂಬರಿನಲ್ಲಿ. ಅಂದರೆ ಅಂಥ ಟ್ಯಾಂಕು ಡಿಸೆಂಬರ್ 16ಕ್ಕೆ ಬೆಲ್ಜಿಯಂನ ಗಡಿಯಲ್ಲಿ ನಿಂತಿರುವ ಸಂಭವ ತೀರಾ ಕಡಿಮೆ. "ಕೊನೆಯ ಜೆ ಎಂದರೆ ಮೂರು ರೋಲರ್" ಎಂಬ ಮಾತು ಎಷ್ಟು ಬೇರೂರಿದೆ ಎಂದರೆ, ಆರ್ಡೆನ್ ಎಂದು ಹೆಸರಿಟ್ಟ ಮಾದರಿಗಳಲ್ಲೂ ಜನ ಶ್ರಮಪಟ್ಟು ನಾಲ್ಕನೆಯದನ್ನು ಕಿತ್ತು, ತೂತು ಮುಚ್ಚಿ, ಅಂತರ ಸರಿಮಾಡಿ ಇಟ್ಟಿರುತ್ತಾರೆ. ಕೈಕೆಲಸ ಅಚ್ಚುಕಟ್ಟಾಗಿರುತ್ತದೆ, ಕ್ಯಾಲೆಂಡರ್ ಮಾತ್ರ ತಪ್ಪಿರುತ್ತದೆ. ನೀವು ನಾಲ್ಕನ್ನೂ ಉಳಿಸಿಕೊಳ್ಳಿ.

ಎರಡನೆಯದು ಝಿಮ್ಮೆರಿಟ್. ಆಯಸ್ಕಾಂತದ ಸ್ಫೋಟಕ ಟ್ಯಾಂಕಿಗೆ ಅಂಟಿಕೊಳ್ಳದಿರಲೆಂದು ಬಾಚಣಿಗೆಯ ಗೆರೆ ಎಳೆದಂತೆ ಬಳಿಯುತ್ತಿದ್ದ ಗಾರೆ ಅದು. ಅದರಲ್ಲಿ ಬೇರಿಯಂ ಸಲ್ಫೇಟ್, ಅಂಟು, ಮರದ ಪುಡಿ, ಬಣ್ಣದ ಮಣ್ಣು ಇರುತ್ತಿದ್ದವು. ಅದರಲ್ಲಿ ಆಯಸ್ಕಾಂತವನ್ನು ದೂಡುವ ಗುಣ ಏನೋ ಇತ್ತು ಎಂದು ಹಲವರು ತಿಳಿದಿದ್ದಾರೆ. ಅಂಥದ್ದೇನೂ ಇಲ್ಲ. ಉಕ್ಕಿಗೂ ಸ್ಫೋಟಕಕ್ಕೂ ನಡುವೆ ಕೆಲವು ಮಿಲಿಮೀಟರ್ ಅಂತರ, ಮೇಲೆ ಒಂದಿಷ್ಟು ಏರುತಗ್ಗು, ಅದರ ವಿದ್ಯೆ ಇಷ್ಟೇ. ಗುಂಡು ತಗುಲಿದಾಗ ಅದಕ್ಕೆ ಬೆಂಕಿ ಹತ್ತುತ್ತದೆ ಎಂಬ ಗಾಳಿಮಾತು ಹಬ್ಬಿ, ಪರೀಕ್ಷೆಯಲ್ಲಿ ಅದು ಸುಳ್ಳೆಂದು ಕಂಡರೂ, 1944ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಗಳಿಗೆ ನಿಲ್ಲಿಸುವ ಆದೇಶ ಹೋಯಿತು. ಆದ್ದರಿಂದ ನಿಮ್ಮ ಟ್ಯಾಂಕಿನ ಮೈ ಬೋಳು. ನಿಮ್ಮ ಕಿಟ್‌ನ ತಗಡುಗಳು ನುಣುಪಾಗಿದ್ದರೆ ಅದೇ ಪುಣ್ಯ. ಕೆಲವು ಕಿಟ್‌ಗಳಲ್ಲಿ ಝಿಮ್ಮೆರಿಟ್ ಅಚ್ಚಿನಲ್ಲೇ ಬಂದಿರುತ್ತದೆ. ನಿಮ್ಮದು ಹಾಗಿದ್ದರೆ ಮುಂದಿನದನ್ನು ಓದಬೇಡಿ, ಅದನ್ನು 1944ರ ವಸಂತದ ಟ್ಯಾಂಕನ್ನಾಗಿಯೇ ಮಾಡಿ. ಅಷ್ಟು ಗೆರೆಗಳನ್ನು ಉಜ್ಜಿ, ಅದರ ನಡುವಿನ ಬೋಲ್ಟಿನ ತಲೆಗಳನ್ನು ಉಳಿಸಿಕೊಳ್ಳುವುದು ಮನುಷ್ಯರು ಮಾಡುವ ಕೆಲಸವಲ್ಲ.

ಮೂರನೆಯದು ಬಲೆ. ಇಲ್ಲಿ ಕೊಂಚ ನಿಲ್ಲಬೇಕು.

ಪ್ಯಾಂಜರ್ 4ರ ಒಡಲಿನ ಪಕ್ಕದ ಉಕ್ಕು 30 ಮಿಲಿಮೀಟರ್ ದಪ್ಪ ಮಾತ್ರ. ಹತ್ತಿರದಿಂದ ಹೊಡೆದರೆ ಸೋವಿಯತ್ ಪದಾತಿಗಳ 14.5 ಮಿಲಿಮೀಟರ್ ಟ್ಯಾಂಕ್ ನಿರೋಧಕ ರೈಫಲ್‌ನ ಗುಂಡು ಅದನ್ನು ತೂರಬಲ್ಲದಾಗಿತ್ತು. ಅದಕ್ಕಾಗಿ 1943ರಲ್ಲಿ ಪಕ್ಕಕ್ಕೆ 5 ಮಿಲಿಮೀಟರ್, ಟರೆಟ್ (ಫಿರಂಗಿ ಹೊತ್ತು ತಿರುಗುವ ಗೋಪುರ) ಸುತ್ತ 8 ಮಿಲಿಮೀಟರ್ ತಗಡು ನೇತುಹಾಕಿದರು. ಅಮೆರಿಕನ್ನರ ಹೆಗಲ ರಾಕೆಟ್ ಬಜೂಕಾವನ್ನು ತಡೆಯಲೆಂದು ಹಾಕಿದ್ದು ಎಂದು ಎಲ್ಲೆಡೆ ಬರೆದಿರುತ್ತದೆ, ಹುಟ್ಟಿದ್ದು ಅದಕ್ಕಲ್ಲ. ಗುಂಡು ಮೊದಲ ತಗಡಿಗೆ ತಾಗಿ ಓರೆಯಾದರೆ ಸಾಕು, ಎರಡನೆಯದನ್ನು ತೂರುವ ಕಸುವು ಅದಕ್ಕೆ ಉಳಿಯುವುದಿಲ್ಲ. ಗುಂಡನ್ನು ಓರೆ ಮಾಡಲು ಇಡೀ ತಗಡೇ ಏಕೆ, ದಪ್ಪ ತಂತಿಯ ಬಲೆಯೂ ಆದೀತು, ತೂಕವೂ ಇಳಿಯುತ್ತದೆ ಎಂಬುದು ಆಮೇಲೆ ಹೊಳೆದದ್ದು. ಟೋಮಾ ಎಂಬ ಹೆಸರಿನ ಈ ಬಲೆ ಜೆಗೆ ಬಂದದ್ದು 1944ರ ಸೆಪ್ಟೆಂಬರ್ ಸುಮಾರಿಗೆ. ಒಡಲಿನ ಪಕ್ಕಕ್ಕೆ ಮಾತ್ರ ಬಲೆ. ಟರೆಟ್ ಸುತ್ತಲಿನ ತಗಡು ತಗಡಾಗಿಯೇ ಉಳಿಯಿತು. ಟರೆಟ್ಟಿಗೂ ಬಲೆ ಸುತ್ತಿದ ಮಾದರಿಗಳನ್ನು ನಾನು ನೋಡಿದ್ದೇನೆ, ಕೋಳಿಗೂಡಿನಂತೆ ಕಾಣುತ್ತದೆ.

ಬಲೆಯ ಇನ್ನೊಂದು ತೊಂದರೆಯನ್ನು ಯಾರೂ ಮುಂಚೆ ಹೇಳುವುದಿಲ್ಲ. ತಗಡು ನೇತುಹಾಕಿದರೆ ಅದರ ಹಿಂದಿನ ನಿಮ್ಮ ತಪ್ಪುಗಳೆಲ್ಲ ಮರೆಯಾಗುತ್ತವೆ. ಬಲೆ ಹಾಕಿದಿರೋ, ಟ್ರ್ಯಾಕು, ರೋಲರ್, ಒಡಲಿನ ಪಕ್ಕದ ಬೆಸುಗೆ ಎಲ್ಲವೂ ಅದರ ಮೂಲಕ ಕಾಣುತ್ತವೆ. ಎಚ್‌ನ ಮೊದಲ ಟ್ಯಾಂಕುಗಳ ರೋಲರ್‌ಗಳಿಗೆ ರಬ್ಬರಿನ ಸುತ್ತು ಇತ್ತು. 1943ರ ಕೊನೆಯ ಹೊತ್ತಿಗೆ ರಬ್ಬರ್ ಉಳಿಸಲು ಬರಿಯ ಉಕ್ಕಿನ ರೋಲರ್ ಬಂತು. ಜೆಗೆ ಉಕ್ಕಿನದೇ ಬೇಕು. ನಿಮ್ಮ ಕಿಟ್‌ನಲ್ಲಿ ಯಾವುದಿದೆ ನೋಡಿ. ನೋಡುವಾಗ ಸ್ಪ್ರೂಗಳನ್ನು, ಅಂದರೆ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟುಗಳನ್ನು, ಪೂರ್ತಿ ಜಾಲಾಡಿ, ಬಳಸಬೇಡಿ ಎಂದು ಸೂಚನಾ ಹಾಳೆಯಲ್ಲಿ ಬೂದುಬಣ್ಣ ಬಳಿದ ಭಾಗಗಳನ್ನೂ ಸೇರಿಸಿ. ಕಿಟ್ ತಯಾರಿಸುವವರು ಒಂದೇ ಅಚ್ಚಿನ ಸ್ಪ್ರೂವನ್ನು ಮೂರು ನಾಲ್ಕು ಆವೃತ್ತಿಗಳ ಡಬ್ಬಿಗಳಲ್ಲಿ ಹಾಕುವುದು ಮಾಮೂಲು. ಎಚ್‌ನ ಡಬ್ಬಿಯೊಳಗೆ ಜೆಯ ಅರ್ಧ ಸಾಮಾನು ಮಲಗಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ.

ಇನ್ನು ನೀವು ಅಂಟಿಸಿಬಿಟ್ಟ ಸೈಲೆನ್ಸರ್‌ಗಳು. ಸಣ್ಣದು ಏನು ಎಂದು ಗೊತ್ತಿದ್ದರೆ ಅದನ್ನು ಕೀಳಲು ಧೈರ್ಯ ಬರುತ್ತದೆ. ಎಚ್‌ನವರೆಗೂ ಟರೆಟ್ಟನ್ನು ತಿರುಗಿಸಲು ವಿದ್ಯುತ್ ಮೋಟಾರ್ ಇತ್ತು. ಅದಕ್ಕೆ ವಿದ್ಯುತ್ ಕೊಡಲು ಡಿಕೆಡಬ್ಲ್ಯೂ ಕಂಪನಿಯ ಪುಟ್ಟ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ ಇತ್ತು. ಆ ಎಂಜಿನ್ನಿನ ಹೊಗೆಕೊಳವೆಯೇ ಈ ಸಣ್ಣ ಸೈಲೆನ್ಸರ್. ಜೆಯಲ್ಲಿ ಎಂಜಿನ್ನನ್ನೂ ಮೋಟಾರನ್ನೂ ತೆಗೆದು ಆ ಜಾಗದಲ್ಲಿ ಸುಮಾರು 200 ಲೀಟರಿನ ಇಂಧನ ತೊಟ್ಟಿ ಇಡಲು ಹೊರಟರು. ಒಟ್ಟು ಇಂಧನ 470 ಲೀಟರಿನಿಂದ 680ಕ್ಕೆ, ರಸ್ತೆಯ ಮೇಲಿನ ಓಟ 210 ಕಿಲೋಮೀಟರಿನಿಂದ 320ಕ್ಕೆ ಏರಿತು. ಗನ್ನರ್ ಮಾತ್ರ ಟರೆಟ್ಟನ್ನು ಎರಡು ಗೇರಿನ ಕೈಚಕ್ರದಿಂದ ಸುತ್ತಬೇಕಾಯಿತು. ಟ್ಯಾಂಕು ಇಳಿಜಾರಿನಲ್ಲಿ ಓರೆಯಾಗಿ ನಿಂತಿದ್ದರೆ ಅವನ ತೋಳು ಏನಾಗಿರಬಹುದು ಎಂದು ಯೋಚಿಸಿ. ಇದನ್ನು ಕೆಲವರು ದಾರಿದ್ರ್ಯ ಎಂದಷ್ಟೇ ಬರೆಯುತ್ತಾರೆ. ದಾರಿದ್ರ್ಯ ನಿಜ, ಅದರೊಳಗೊಂದು ಲೆಕ್ಕಾಚಾರವೂ ಇತ್ತು. ಹೊಸ ತೊಟ್ಟಿಗಳು ಮೊದಮೊದಲು ಸೋರುತ್ತಿದ್ದುದರಿಂದ ಕೆಲವು ತಿಂಗಳು ಅದನ್ನು ಕೂರಿಸಲಾಗಲಿಲ್ಲ. ಅಂದರೆ ಮೊದಲ ಜೆಗಳಿಗೆ ಮೋಟಾರೂ ಇರಲಿಲ್ಲ, ತೊಟ್ಟಿಯೂ ಇರಲಿಲ್ಲ.

ದೊಡ್ಡ ಸೈಲೆನ್ಸರ್, ಅಡ್ಡಲಾಗಿ ಮಲಗಿದ ಉರುಳೆ, 1944ರ ಬೇಸಗೆಯವರೆಗೂ ಹಾಗೇ ಇತ್ತು. ಆಗಸ್ಟ್ ಸುಮಾರಿನಿಂದ ಅದರ ಬದಲು ನೆಟ್ಟಗೆ ನಿಂತ ಎರಡು ಕೊಳವೆಗಳು ಬಂದವು. ರಾತ್ರಿ ಹೊಗೆಯ ಜೊತೆ ಬರುವ ಬೆಂಕಿಯ ಕಿಡಿ ಹೊರಗೆ ಕಾಣದಂತೆ ಅಡಗಿಸುವ ಸೈಲೆನ್ಸರ್ ಅವು. ಹಾಗಾಗಿ ನಿಮ್ಮ ಶರತ್ಕಾಲದ ಟ್ಯಾಂಕಿಗೆ ಎರಡೂ ಹಳೆಯವು ಹೋಗಬೇಕು.

ತೆಗೆಯುವ ಮೊದಲು ನೆನಪು ಮಾಡಿಕೊಳ್ಳಿ, ಯಾವ ಅಂಟು ಹಾಕಿದ್ದಿರಿ? ಫೆವಿಕ್ವಿಕ್‌ನಂಥದ್ದಾದರೆ ಇಡೀ ಒಡಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿಡಿ. ಆ ಅಂಟು ತಣ್ಣಗಾದರೆ ಪೆಡಸಾಗುತ್ತದೆ, ಬೆಳಿಗ್ಗೆ ಮೆಲ್ಲಗೆ ತಿರುಚಿದರೆ ಚಟ್ಟನೆ ಬಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಸಿಮೆಂಟ್ ಹಾಕಿದ್ದರೆ ಆ ಆಸೆ ಬಿಡಿ. ಅದು ಅಂಟಿಸುವುದಿಲ್ಲ, ಎರಡೂ ತುಂಡುಗಳನ್ನು ಕರಗಿಸಿ ಒಂದು ಮಾಡುತ್ತದೆ. ಆಗ ಕೊಯ್ಯಬೇಕು. ಬ್ಲೇಡಿನಿಂದ ಒತ್ತಿ ಕತ್ತರಿಸಲು ಹೋದರೆ ಅದು ಜಾರಿ ಹಿಂಬದಿಯ ತಗಡಿಗೋ ನಿಮ್ಮ ಹೆಬ್ಬೆರಳಿಗೋ ಇಳಿಯುತ್ತದೆ. ನಾನು ಮಾಡುವುದು ಹೀಗೆ: ಗಟ್ಟಿ ನೈಲಾನ್ ಹೊಲಿಗೆ ದಾರವನ್ನು ಸೈಲೆನ್ಸರಿನ ಹಿಂದೆ ತೂರಿಸಿ, ಎರಡು ತುದಿ ಎರಡು ಕೈಯಲ್ಲಿ ಹಿಡಿದು, ಗರಗಸದಂತೆ ಅತ್ತಿತ್ತ ಎಳೆಯುವುದು. ನಿಧಾನ ಎಳೆಯಬೇಕು. ಜೋರಾಗಿ ಎಳೆದರೆ ಬಿಸಿಯಾಗಿ ದಾರವೇ ಪ್ಲಾಸ್ಟಿಕ್‌ಗೆ ಹುಗಿದುಕೊಳ್ಳುತ್ತದೆ. ಸೈಲೆನ್ಸರ್ ಕುತ್ತಿಗೆಯಲ್ಲಿ ತುಂಡಾದ ಮೇಲೆ ಉಳಿದ ಮೊಳಕೆಯನ್ನು ಸಣ್ಣ ಅರದಿಂದ ಕೆರೆದು, 400, 800, 1200 ಹೀಗೆ ಎಮರಿ ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿ. ತೂತು ಮುಚ್ಚಲು ಪುಟ್ಟಿ ಬೇಡ. ಕಿಟ್‌ನದೇ ಸ್ಪ್ರೂ ತುಂಡುಗಳನ್ನು ಪ್ಲಾಸ್ಟಿಕ್ ಸಿಮೆಂಟಿನ ಶೀಶೆಯೊಂದರಲ್ಲಿ ಎರಡು ದಿನ ನೆನೆಹಾಕಿದರೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಅದನ್ನು ತುಂಬಿ ನಾಲ್ಕು ದಿನ ಬಿಡಿ. ಧಾರವಾಡದ ಮಳೆಗಾಲದಲ್ಲಾದರೆ ಒಂದು ವಾರ. ಒಣಗಿದ ಮೇಲೆ ಅದು ಕಿಟ್‌ನದೇ ಪ್ಲಾಸ್ಟಿಕ್, ಉಜ್ಜಿದಾಗ ಗುರುತೇ ಸಿಗುವುದಿಲ್ಲ.

ಹೊಸ ಸೈಲೆನ್ಸರ್‌ಗೆ ಪೆನ್ನಿನ ರೀಫಿಲ್ ಬಳಸಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ನಂಬಿದ್ದೆ. ಆ ಪ್ಲಾಸ್ಟಿಕ್‌ಗೆ ನಮ್ಮ ಸಿಮೆಂಟ್ ಹತ್ತುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಪ್ರದರ್ಶನವೊಂದರ ಮೇಜಿನ ಮೇಲೆ ಇಡುವಾಗ ನನ್ನ ಎರಡೂ ಸೈಲೆನ್ಸರ್‌ಗಳು ಉರುಳಿ ಪಕ್ಕದವರ ವಿಮಾನದ ಕೆಳಗೆ ಹೋಗಿ ನಿಂತವು. ಕಿಟ್‌ನದೇ ಬಗೆಯ ಪ್ಲಾಸ್ಟಿಕ್ಕಾದ ಸ್ಟೈರೀನ್ ಕೊಳವೆ ಸಿಕ್ಕರೆ ಅದೇ ಸರಿ. ಸಿಗದಿದ್ದರೆ ಕಿಟ್‌ನ ದಪ್ಪ ದುಂಡು ಸ್ಪ್ರೂವನ್ನು ಕೈಬೈರಿಗೆಯ ಬಾಯಿಗೆ ಕಚ್ಚಿಸಿ ತಿರುಗಿಸುತ್ತಾ ಎಮರಿ ಹಿಡಿದು ಅಳತೆಗೆ ತನ್ನಿ, ತುದಿಯನ್ನು ಕೊರೆದು ಟೊಳ್ಳು ಮಾಡಿ. ಬಡವರ ಲೇತ್ ಅದು. ಅಳತೆಯನ್ನು ಮಾತ್ರ ಕಣ್ಣಂದಾಜಿನಲ್ಲಿ ತೆಗೆದುಕೊಳ್ಳಬೇಡಿ, 1/35ರ ಡ್ರಾಯಿಂಗ್ ಮುದ್ರಿಸಿ ಅದರ ಮೇಲಿಟ್ಟು ವರ್ನಿಯರ್ ಹಿಡಿಯಿರಿ.

ಬಲೆಗೆ ಫೋಟೊ ಎಚ್ಚಿಂಗ್‌ನಲ್ಲಿ, ಅಂದರೆ ರಾಸಾಯನಿಕದಿಂದ ಕೊರೆದು, ತಯಾರಾದ ಹಿತ್ತಾಳೆಯ ಸೆಟ್ ಸಿಗುತ್ತದೆ. ಚೆನ್ನಾಗಿರುತ್ತದೆ, ಆದರೆ ಕಿಟ್‌ನ ಬೆಲೆಯ ದೊಡ್ಡ ಭಾಗವನ್ನು ಅದೊಂದೇ ನುಂಗುತ್ತದೆ. ಅಗ್ಗದ ದಾರಿ ಸ್ಟೀಲಿನ ಚಹಾ ಸೋಸುವ ಜರಡಿ. ಎಲ್ಲ ಜರಡಿಯೂ ಆಗುವುದಿಲ್ಲ. ಕಣ್ಣು ತೀರಾ ಸಣ್ಣದಿದ್ದರೆ ಬಟ್ಟೆಯಂತೆ ಕಾಣುತ್ತದೆ, ಆದ್ದರಿಂದ ಪಾತ್ರೆ ಅಂಗಡಿಯಲ್ಲಿ ಡ್ರಾಯಿಂಗ್ ಹಿಡಿದು ಹೋಲಿಸಿ ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ಅದಕ್ಕೆ ನಾನು ಒಗ್ಗಿದ್ದೇನೆ. ಬಟ್ಟಲಿನ ಆಕಾರದ ಬಲೆಯನ್ನು ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ತಣಿಯಲು ಬಿಟ್ಟರೆ ಮೆತ್ತಗಾಗುತ್ತದೆ, ಆಮೇಲೆ ಗಾಜಿನ ಮೇಲಿಟ್ಟು ಒತ್ತಿ ಚಪ್ಪಟೆ ಮಾಡಿ. ಕತ್ತರಿಸಿದ ಅಂಚು ಬಿಚ್ಚಿಕೊಳ್ಳದಂತೆ ಚೌಕಟ್ಟಿಗೆ ತೆಳು ತಂತಿಯನ್ನು ಸಾಲ್ಡರ್ ಮಾಡಬೇಕು. ಬಲೆಯನ್ನು ಒಡಲಿಗೆ ಸಿಕ್ಕಿಸುವ ಕೊಂಡಿಗಳ ರೀತಿ ತಗಡಿನದಕ್ಕಿಂತ ಬೇರೆ. ಕಿಟ್‌ನಲ್ಲಿರುವ ತಗಡು ನೇತುಹಾಕುವ ಕಂಬಿಗೇ ಬಲೆ ಅಂಟಿಸಿದರೆ ಗೊತ್ತಿರುವವರ ಕಣ್ಣಿಗೆ ಕೂಡಲೇ ಬೀಳುತ್ತದೆ.

ಸಾಲ್ಡರಿಂಗ್ ಬಾರದಿದ್ದರೆ ಇನ್ನೊಂದು ಪ್ರಾಮಾಣಿಕ ಉಪಾಯವಿದೆ. ಕಾಡು ದಾರಿಯಲ್ಲಿ ಮರಗಳಿಗೆ ತಾಗಿ ಈ ಪಕ್ಕದ ಹೊದಿಕೆಗಳು ಕಿತ್ತುಹೋಗುವುದು ಸಾಮಾನ್ಯವಾಗಿತ್ತು, ಆರ್ಡೆನ್ ಎಂದರೇ ಕಾಡು. ಒಂದು ಬದಿಯಲ್ಲಿ ಬಲೆಯ ಒಂದು ಭಾಗ ಉಳಿಸಿ, ಇನ್ನೊಂದು ಬದಿಯಲ್ಲಿ ಕೊಂಡಿಗಳನ್ನಷ್ಟೇ ಬಿಡಿ, ಒಂದೆರಡು ಬಾಗಿರಲಿ.

ಟರೆಟ್ ಸುತ್ತಲಿನ ತಗಡಿನ ಬಗ್ಗೆ ಒಂದು ಮಾತು. ನಿಜದಲ್ಲಿ 8 ಮಿಲಿಮೀಟರ್ ಎಂದರೆ 1/35ರಲ್ಲಿ 0.23 ಮಿಲಿಮೀಟರ್. ಕಿಟ್‌ನ ಭಾಗವನ್ನು ವರ್ನಿಯರ್‌ಗೆ ಕೊಟ್ಟು ನೋಡಿ. ಒಂದು ಮಿಲಿಮೀಟರ್ ಬಂದರೆ ಅದು 35 ಮಿಲಿಮೀಟರಿನ ಉಕ್ಕಿಗೆ ಸಮ, ಒಡಲಿನ ಪಕ್ಕದ ಕವಚಕ್ಕಿಂತ ದಪ್ಪ! ಅಚ್ಚಿನ ಮಿತಿ ಅದು, ತಯಾರಕರನ್ನು ಬೈಯುವಂತಿಲ್ಲ. ಪೂರ್ತಿ ಹೊಸದು ಮಾಡುವ ಅಗತ್ಯವಿಲ್ಲ, ಕಣ್ಣಿಗೆ ಕಾಣುವ ಅಂಚುಗಳನ್ನು ಒಳಗಿನಿಂದ ಓರೆಯಾಗಿ ಹೆರೆದರೆ ತೆಳುವಾಗಿ ಕಾಣುತ್ತದೆ. ಒಡಲಿನ ಪಕ್ಕಕ್ಕೆ ತಗಡೇ ಇರಲಿ ಎಂದು ನೀವು ತೀರ್ಮಾನಿಸಿದರೆ ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿ ಕತ್ತರಿಸಿ ಬಳಸಿ. ಅದರ ದಪ್ಪ ಸುಮಾರು 0.1 ಮಿಲಿಮೀಟರ್, ಬೇಕಾದದ್ದು 0.14. ನಿಜವಾದ ತಗಡಿನಂತೆಯೇ ಸೊಟ್ಟಗಾಗುತ್ತದೆ ಕೂಡ. ಅಂಚು ಬ್ಲೇಡಿನಷ್ಟೇ ಹರಿತ, ಮಕ್ಕಳಿರುವ ಮನೆಯಲ್ಲಿ ತುಂಡುಗಳನ್ನು ಆಗಿಂದಾಗಲೇ ಕಾಗದದಲ್ಲಿ ಸುತ್ತಿ ಬಿಸಾಡಿ.

ಉಳಿದವು ಚಿಲ್ಲರೆ. ಬಲ ಮಡ್‌ಗಾರ್ಡ್ ಮೇಲೆ ಏರ್ ಫಿಲ್ಟರಿನ ಡಬ್ಬಿಗಳಿದ್ದರೆ ಅಂಟಿಸಬೇಡಿ. ಒಡಲಿನ ಪಕ್ಕದ ತಗಡನ್ನೇ ಮುಂದಕ್ಕೆ ಚಾಚಿ ತೂತು ಕೊರೆದು ಎಳೆಯುವ ಕೊಂಡಿ ಮಾಡಿರುತ್ತಿದ್ದರು, ಸ್ಟೈರೀನ್ ಹಾಳೆಯಲ್ಲಿ ಕತ್ತರಿಸಿ ಸೇರಿಸಿ. ಟರೆಟ್ ಮೇಲೆ ಎರಡು ಟನ್ನಿನ ಪುಟ್ಟ ಕ್ರೇನ್ ನಿಲ್ಲಿಸಲು ಅಣಬೆಯಂಥ ಗೂಟಗಳನ್ನು ಬೆಸೆದಿರುತ್ತಿದ್ದರು, ಸ್ಪ್ರೂನ ಚೂರುಗಳು ಸಾಕು. ಫಿರಂಗಿಯನ್ನು ಮುಟ್ಟಬೇಡಿ, ಎಚ್‌ಗೂ ಜೆಗೂ ಅದೇ 48 ಕ್ಯಾಲಿಬರ್ ಉದ್ದದ, ಅಂದರೆ ತನ್ನ ಬಾಯಿಯ ಅಗಲದ 48ರಷ್ಟು ಉದ್ದದ ನಳಿಕೆ. ಹಳೆಯ ಜಿ ಆವೃತ್ತಿಯ 43 ಕ್ಯಾಲಿಬರಿನದಾಗಿದ್ದರೆ ಮಾದರಿಯಲ್ಲಿ ಸುಮಾರು 11 ಮಿಲಿಮೀಟರ್ ಗಿಡ್ಡವಾಗಿರುತ್ತಿತ್ತು. ಮುಂದಿನ 80 ಮಿಲಿಮೀಟರ್ ಕವಚವೂ ಅದೇ. ಬಣ್ಣವನ್ನು ಆಮೇಲೆ ನೋಡೋಣ, ಅದೇ ಒಂದು ಪುರಾಣ.

ಬೆಸುಗೆಗಳನ್ನು ಮಾತ್ರ ನುಣುಪು ಮಾಡಬೇಡಿ. ಈ ಕಾಲದ ಜೆಯ ಕೆಲಸ ಒರಟು. ಅದರ ಹಿಂದೆ ಅವಸರ ಇತ್ತು, ಇನ್ನೂ ಒಂದಿತ್ತು. 1944ರಲ್ಲಿ ಸಾಂಕ್ಟ್ ವ್ಯಾಲೆಂಟಿನ್‌ನಲ್ಲಿ ಮೌಟ್‌ಹೌಸೆನ್ ಯಾತನಾ ಶಿಬಿರದ ಉಪಶಿಬಿರವೊಂದನ್ನು ತೆರೆದು ಅಲ್ಲಿನ ಕೈದಿಗಳನ್ನು ಟ್ಯಾಂಕು ಕಾರ್ಖಾನೆಯ ಕೆಲಸಕ್ಕೆ ಹಚ್ಚಿದ್ದರು. ನಮ್ಮ ಮನೆಯಲ್ಲಿ ಮೊಮ್ಮಗಳು, "ತಾತ, ಇದು ಕೆಟ್ಟವರ ಟ್ಯಾಂಕಲ್ಲವಾ, ಯಾಕೆ ಮಾಡುತ್ತೀಯ?" ಎಂದು ಕೇಳಿದಾಗ ನಾನು ಈ ವಿಷಯವನ್ನು ಅವಳಿಗೆ ತಿಳಿಯುವಷ್ಟು ಹೇಳಿದೆ. ಅಂದಿನಿಂದ ಮಾದರಿಯ ಕೆಳಗಿನ ಪುಟ್ಟ ಫಲಕದಲ್ಲಿ ದಳದ ಹೆಸರು ಬರೆಯುವುದನ್ನು ಬಿಟ್ಟು ಕಾರ್ಖಾನೆಯ ಹೆಸರು, ತಿಂಗಳು ಬರೆಯುತ್ತೇನೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಒಂದು ಭಾಗ ತಪ್ಪಾದರೆ ಎಲ್ಲವೂ ಸುಳ್ಳೇ? ಇಂಗ್ಲೆಂಡಿನ ಬೋವಿಂಗ್ಟನ್ ಸಂಗ್ರಹಾಲಯದಲ್ಲಿ ಒಂದು ಪ್ಯಾಂಜರ್ 4 ಇದೆ. ಹುಟ್ಟಿದ್ದು ಡಿ ಆವೃತ್ತಿಯಾಗಿ, ಗಿಡ್ಡ ಫಿರಂಗಿಯೊಂದಿಗೆ. ಆಮೇಲೆ ಜರ್ಮನರೇ ಅದಕ್ಕೆ ಉದ್ದ ಫಿರಂಗಿ ಜೋಡಿಸಿದರು. ಕಿಟ್‌ನಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ನಾವು ನಕ್ಕುಬಿಡುತ್ತಿದ್ದೆವು. ರಿಪೇರಿಗೆ ಹೋದ ಟ್ಯಾಂಕು ವಾಪಸು ಬರುವಾಗ ಬೇರೆ ಟ್ಯಾಂಕಿನ ಚಕ್ರ, ಬೇರೆಯದರ ಬಾಗಿಲು ಹೊತ್ತು ಬರುವುದು ಹೊಸದಲ್ಲ. ಹಾಗೆಂದು ಏನು ಬೇಕಾದರೂ ನಡೆಯುತ್ತದೆ ಎಂದಲ್ಲ. ಹಳೆಯ ಭಾಗ ಹೊಸ ಟ್ಯಾಂಕಿನಲ್ಲಿ ಇರಬಹುದು, ಇನ್ನೂ ಹುಟ್ಟದ ಭಾಗ ಇರಲಾರದು. ನಾನು ತೀರ್ಪುಗಾರನಾಗಿ ಕೂತಾಗ ನೋಡುವುದು ಇದನ್ನೇ. ನಿಮ್ಮ ಟ್ಯಾಂಕಿನಲ್ಲಿ ಬೇಸಗೆಯ ಮಲಗಿದ ಸೈಲೆನ್ಸರ್ ಉಳಿದಿದ್ದರೆ ನಾನು ಸುಮ್ಮನಿರುತ್ತೇನೆ. ಮೂರು ರೋಲರ್ ಇದ್ದರೆ ಕೇಳುತ್ತೇನೆ.

ನಿಜವಾದ ಜೆ ಫಿನ್ಲೆಂಡಿನ ಪಾರೋಲ ಸಂಗ್ರಹಾಲಯದಲ್ಲಿದೆ. ಫಿನ್ಲೆಂಡ್ 1944ರಲ್ಲಿ ಜರ್ಮನಿಯಿಂದ 15 ಜೆಗಳನ್ನು ಕೊಂಡಿತ್ತು. ಅದರ ಫೋಟೊಗಳು ಧಾರಾಳವಾಗಿ ಸಿಗುತ್ತವೆ, ನೋಡಿ. ಅದು ನಿಮ್ಮ ಶರತ್ಕಾಲದ ಟ್ಯಾಂಕಿಗಿಂತ ಮುಂಚಿನದು ಎಂಬುದನ್ನು ನೆನಪಿಟ್ಟುಕೊಂಡು ನೋಡಿ. ಆ ಕಾಲದ ಉಕ್ಕಿನ ಮೇಲ್ಮೈ, ರಿವೆಟ್ಟು, ಎರಕದ ಒರಟು ಹೇಗಿರುತ್ತದೆ ಎಂದು ಕಣ್ಣಾರೆ ಕಾಣುವ ಆಸೆಯಿದ್ದರೆ ಅಹಮದ್‌ನಗರದ, ಈಗಿನ ಅಹಲ್ಯಾನಗರದ, ಟ್ಯಾಂಕ್ ಸಂಗ್ರಹಾಲಯಕ್ಕೆ ಹೋಗಿಬನ್ನಿ. ಬ್ರಿಟಿಷರ ಮಟಿಲ್ಡಾ, ವ್ಯಾಲೆಂಟೈನ್, ಚರ್ಚಿಲ್ ಅಲ್ಲಿವೆ. ಧಾರವಾಡದಿಂದ ಬೋವಿಂಗ್ಟನ್ನಿಗಿಂತ ಹತ್ತಿರ.

ನಿಮ್ಮ ಮುಂದಿರುವ ದಾರಿಗಳನ್ನು ಹೀಗೆ ತೂಗಿ ನೋಡಿ. ವಸಂತದ ಜೆ ಸಾಕೆಂದರೆ ಸಣ್ಣ ಸೈಲೆನ್ಸರ್ ತೆಗೆದು, ರೋಲರ್ ಉಕ್ಕಿನದು ಮಾಡಿ, ಝಿಮ್ಮೆರಿಟ್ ಬಳಿದರೆ ಮುಗಿಯಿತು. ಆದರೆ ಝಿಮ್ಮೆರಿಟ್ ಬಳಿಯುವುದು ಬಲೆ ಮಾಡುವುದಕ್ಕಿಂತ ಸುಲಭ ಎಂದುಕೊಳ್ಳಬೇಡಿ, ಆಮೇಲೆ ಆರ್ಡೆನ್ ಕನಸೂ ಹೋಗುತ್ತದೆ. ಜೆಯ ಹೊಸ ಕಿಟ್ ಕೊಂಡರೆ ತಲೆನೋವು ಕಡಿಮೆ, ಹಣ ಹೆಚ್ಚು. ಡಬ್ಬಿಯ ಮೇಲೆ ಜೆ ಎಂದಿದ್ದರೂ ಅದು ಯಾವ ತಿಂಗಳ ಜೆ ಎಂದು ಅಲ್ಲಿಯೂ ಕೇಳಬೇಕಾಗುತ್ತದೆ. ಎರಡು ಬೇರೆ ಕಂಪನಿಗಳ ಕಿಟ್ ಬೆರೆಸುವ ಯೋಚನೆ ಇದ್ದರೆ ಬಿಡಿ. ಎರಡೂ 1/35 ಎಂದೇ ಬರೆದಿದ್ದರೂ ಟರೆಟ್ ಕೂರುವ ತೂತಿನ ಅಳತೆ ಹೊಂದುವ ಭರವಸೆಯಿಲ್ಲ. ಆವೃತ್ತಿ ಬದಲಿಸಲು ಬೇಕಾದ ಭಾಗಗಳ ರೆಸಿನ್ ಸೆಟ್ ತರಿಸಿದರೆ ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಹಾಕಿ, ನೀರಿನೊಳಗೇ ಉಜ್ಜಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಕಿಟ್‌ನಲ್ಲೇ ಶರತ್ಕಾಲದ ಟ್ಯಾಂಕು ಮಾಡುತ್ತಿದ್ದೆ, ಒಂದು ಬದಿಗೆ ಮಾತ್ರ ಬಲೆ. ಹೊಸದಾಗಿ ಏನನ್ನೂ ಕೊಳ್ಳದೆ ಮೊದಲು ಸೈಲೆನ್ಸರ್‌ಗಳನ್ನು ತೆಗೆಯಿರಿ. ಅದು ಚೆನ್ನಾಗಿ ಬಂದರೆ ಬಲೆಗೆ ಕೈಹಾಕಿ. ಕೈತಪ್ಪಿ ಹಿಂಬದಿಯ ತಗಡೇ ಹಾಳಾದರೆ ಗಾಬರಿ ಬೇಡ. ಅಲ್ಲಿನ ಉಕ್ಕು 20 ಮಿಲಿಮೀಟರ್, ಅಂದರೆ ಮಾದರಿಯಲ್ಲಿ ಅರ್ಧ ಮಿಲಿಮೀಟರಿಗಿಂತ ಒಂದು ಕೂದಲು ಹೆಚ್ಚು. ಅರ್ಧ ಮಿಲಿಮೀಟರಿನ ಸ್ಟೈರೀನ್ ಹಾಳೆಯಲ್ಲಿ ಹೊಸ ತಗಡು ಕತ್ತರಿಸಿಕೊಳ್ಳಬಹುದು. ಹಳೆಯದನ್ನು ಬಿಸಾಡಬೇಡಿ, ಬೋಲ್ಟಿನ ತಲೆಗಳನ್ನು ಹೆರೆದು ತೆಗೆದು ಹೊಸದಕ್ಕೆ ಅಂಟಿಸಲು ಬೇಕಾಗುತ್ತದೆ.